ಬೀರುವಿನೊಳಗಿನ ಕಂಪ್ಯೂಟರ್

ಇದನ್ನು ಬರೆಯಬೇಕೆಂದು ಎಷ್ಟೋ ವಾರ ಕುಳಿತಿದ್ದೇನೆ. ಪ್ರತಿ ಸಲವೂ ಟೊಮೇಟೊ ಬೆಲೆಯ ಬಗ್ಗೆಯೋ ಬಸ್ಸಿನ ನೂಕುನುಗ್ಗಲಿನ ಬಗ್ಗೆಯೋ ಈ ಅಂಕಣಕ್ಕೆ ಬರೆದು ಕಳಿಸಿ ತಪ್ಪಿಸಿಕೊಂಡಿದ್ದೇನೆ. (ನೀವೂ ಓದಿದ್ದೀರಿ, ಪಾಪ.)

ಎಂಬತ್ತರ ದಶಕ. ಜಾಲಹಳ್ಳಿಯ ಒಂದು ಕಾರ್ಖಾನೆಯಲ್ಲಿ ನಾನು ಫಿಟರ್. ವರ್ಷಕ್ಕೊಮ್ಮೆ ಕಾರ್ಮಿಕರ ಮನೆಯವರನ್ನೆಲ್ಲ ಕರೆದು ಕಾರ್ಖಾನೆ ತೋರಿಸುತ್ತಿದ್ದರು. ಆ ವರ್ಷ ಎಲ್ಲರಿಗೂ ಹೊಸ ಕಂಪ್ಯೂಟರ್ ನೋಡುವ ಆಸೆ. ಅದರ ಎ.ಸಿ. ಕೋಣೆಗೆ ನಮ್ಮನ್ನೇ ಬಿಡುತ್ತಿರಲಿಲ್ಲ! ಅದಕ್ಕೆ ನಾನೂ ಗೆಳೆಯ ತಿರುಮಲೇಶನೂ ಸೇರಿ ಒಂದು ಕಬ್ಬಿಣದ ಬೀರುವಿಗೆ ಬಣ್ಣದ ಬಲ್ಬು, ಸ್ಪೀಕರ್ ಜೋಡಿಸಿ ‘ಯೋಚಿಸುವ ಯಂತ್ರ’ ಎಂದು ಬೋರ್ಡು ಹಾಕಿದೆವು. ಒಳಗೆ ಮೈಕ್ ಹಿಡಿದು ಕುಳಿತವನು ನಾನು.

ಮಕ್ಕಳು ಮಗ್ಗಿ ಕೇಳಿದರು. ಹೇಳಿದೆ. ಆಮೇಲೆ ಬಂದವರು ನಮ್ಮ ಕ್ಯಾಂಟೀನಿನ ಮುನಿಯಮ್ಮ, ಅಬ್ಬಿಗೆರೆಯವರು. ಪಕ್ಕದಲ್ಲಿ ಮಗಳು.

“ಸ್ವಾಮಿ, ನನ್ ಮಗ್ಳು ಅತ್ನೇ ಕ್ಲಾಸು ಪಾಸಾಗವ್ಳೆ. ಕಾಲೇಜಿಗೆ ಕಳಿಸ್ಲಾ, ಮದ್ವೆ ಮಾಡ್ಲಾ?”

ಮೂಗು ಹಿಡಿದುಕೊಂಡು ಬಿಡಿಬಿಡಿಯಾಗಿ ಹೇಳಿದೆ: “ಮದುವೆ. ಮಾಡಿ. ಊಟ. ಹಾಕಿಸಿ.”

ಹೊರಗೆ ನಗುವೋ ನಗು. “ಸಖತ್ ಗುರು!” ಎಂದು ತಿರುಮಲೇಶ ಬೀರುವಿನ ಹಿಂದಿನಿಂದ ಪಿಸುಗುಟ್ಟಿದ.

ಮುನಿಯಮ್ಮ ನಗಲಿಲ್ಲ. ಕೈ ಮುಗಿದರು.

“ಅಮ್ಮಾ, ಇನ್ನೊಂದ್ ಸಲ ಕೇಳಮ್ಮಾ,” ಎಂದಳು ಹುಡುಗಿ.

“ಸುಮ್ಕಿರೇ. ನಿಮ್ಮಪ್ಪ ಕುಡ್ದು ಯೋಳ್ತಾನೆ, ನಿಮ್ ಮೇಷ್ಟ್ರು ಆಸೆ ಉಟ್ಟಿಸ್ತಾರೆ. ಮಿಷಿನ್‌ಗೆ ನಿನ್ ಮ್ಯಾಲೆ ಏನ್ ದ್ವೇಸ ಐತೆ?”

ನಾನು ಬಾಯಿ ಬಿಟ್ಟಿದ್ದರೆ ಸಾಕಿತ್ತು. ಆದರೆ ಸಾಲಿನಲ್ಲಿ ಮುಂದೆ ಮ್ಯಾನೇಜರ್ ಹೆಂಡತಿ ನಿಂತಿದ್ದರು. ಆಟ ಕೆಡುತ್ತದೆಂದು ಸುಮ್ಮನಾದೆ.

ಆ ಬೇಸಿಗೆಯಲ್ಲಿ ಮುನಿಯಮ್ಮ ನಮ್ಮ ಮೇಜಿಗೆ ಲಗ್ನಪತ್ರಿಕೆಯ ಜೊತೆ ಲಾಡು ತಂದಿಟ್ಟರು. “ಮಿಷಿನ್ ಯೋಳ್ದಂಗೇ ಮಾಡ್ದೆ ಕಣಣ್ಣ. ತಪ್ಪದೆ ಬರ್ಬೇಕು.” ಮದುವೆಗೆ ಇನ್ನೂ ದಿನಗಳಿದ್ದವು. ಆಗಲೂ ಹೇಳಬಹುದಿತ್ತು. ಲಾಡು ತಿಂದೆ.

ಈಗ ಮನುಷ್ಯ ಮಾಡುವ ಎಲ್ಲ ಯೋಚನೆಯನ್ನೂ ಮಾಡಬಲ್ಲ ಯಂತ್ರ ಬರಲಿದೆಯಂತೆ. ಬರುತ್ತದೋ ಇಲ್ಲವೋ, ಎಸ್ಸೆಸ್ಸೆಲ್ಸಿ ಓದಿದ ನನಗೇನು ಗೊತ್ತು? ನಾವು ಬರೆದದ್ದು, ಆಡಿದ್ದನ್ನೆಲ್ಲ ಓದಿಸಿಯೇ ಅದನ್ನು ಬೆಳೆಸುತ್ತಾರೆಂದು ಪತ್ರಿಕೆಯಲ್ಲಿ ಓದಿದೆ. ಹಾಗಾದರೆ ಅದರ ಹೊಟ್ಟೆಯಲ್ಲೂ ನನ್ನಂಥವರು ಒಂದಿಷ್ಟು ಜನ ಕುಳಿತಿರುತ್ತಾರೆ, ಅಲ್ಲವೇ? ಅದು ಎಷ್ಟು ಬೇಕಾದರೂ ಜಾಣವಾಗಲಿ. ತಪ್ಪು ಹೇಳಿದ ದಿನ ಯಾರ ಮನೆಗೆ ಹೋಗಿ ಕ್ಷಮೆ ಕೇಳುತ್ತದೆ?

ನಾನು ಹೋಗಬೇಕಿದ್ದ ಮನೆ ಸೈಕಲ್ಲು ತುಳಿದರೆ ಸಿಗುವಷ್ಟು ಹತ್ತಿರವಿತ್ತು. ಹೋಗಲಿಲ್ಲ.

ಆ ಹುಡುಗಿಯ ಹೆಸರು ಪಾರ್ವತಿ.