ಬಾಗಿಲು ಮುಚ್ಚಿ ನೋಡಬೇಕಿತ್ತು

ಬೆಳಗಿನ ಆರು ಗಂಟೆ. ಬಾಗಿಲಕ್ಕ ಅಡುಗೆಮನೆಯ ಸಿಂಕಿನ ಮುಂದೆ ನಿಂತು, ಟೀ ಸೋಸುವ ಜಾಲರಿಯಲ್ಲಿ ಪ್ಲಾಸ್ಟಿಕ್ ಕ್ಲಿಪ್ಪುಗಳನ್ನು ತೊಳೆಯುತ್ತಿದ್ದಾರೆ. ಕಾರಿನ ಬಾಗಿಲಿನ ಒಳಹಲಗೆಯನ್ನು ಹಿಡಿದಿಡುವ ಕ್ಲಿಪ್ಪುಗಳವು. ನಿನ್ನೆ ಬಿಚ್ಚಿದ್ದು ಮೂವತ್ತೆರಡು, ಈಗ ಇರುವುದು ಮೂವತ್ತೊಂದು.

"ಒಂದು ನನ್ನ ಹೊಟ್ಟೇಲಿರ್ಬೇಕು. ಟೀಲಿ ಏನೋ ಗಟ್ಟಿ ಸಿಕ್ತು," ಎನ್ನುತ್ತಾರೆ ಗಂಡ. ಅವರು ಟೈಲರ್.

"ಅದು ಎಡಗಡೆ ಬಾಗಿಲಿಂದು ರೀ! ನುಂಗೋದಾದ್ರೆ ಬಲಗಡೇದು ನುಂಗ್ಬಾರ್ದಾ? ಅದಾದ್ರೆ ಇನ್ನೊಂದು ಡಬ್ಬಿ ಇದೆ."

ಗುಂಡಿ ಒತ್ತಿದರೆ ನಾಲ್ಕೂ ಬಾಗಿಲಿಗೆ ಒಟ್ಟಿಗೆ ಲಾಕ್ ಬೀಳಬೇಕಾದ ಕಾರಿನಲ್ಲಿ ಒಂದು ಬಾಗಿಲು ಹಟ ಹಿಡಿದರೆ, ಜನ ಹುಡುಕಿಕೊಂಡು ಬರುವುದು ಇವರನ್ನು. ಎಂಜಿನ್ ಮುಟ್ಟುವುದಿಲ್ಲ, ಬ್ರೇಕಿನ ಸುದ್ದಿಗೆ ಹೋಗುವುದಿಲ್ಲ, ಬಾಗಿಲು ಮಾತ್ರ. ಅದಕ್ಕೇ ಆ ಹೆಸರು. ಬಸ್ ಡಿಪೋ ಹಿಂದಿನ ತಗಡಿನ ಶೆಡ್ಡಿಗೆ ದಿನಕ್ಕೆ ಐದಾರು ಕಾರು ಬರುತ್ತವೆ. "ನಾಲ್ಕೂ ಸತ್ತಿದ್ರೆ ಫ್ಯೂಸು. ಒಂದೇ ಸತ್ತಿದ್ರೆ ತಂತಿ, ಇಲ್ಲಾ ಮೋಟರು. ಕರಕರ ಅಂದ್ರೆ ಒಳಗಿನ ಹಲ್ಲುಚಕ್ರ ಸವೆದಿದೆ. ಒಂದೊಂದ್ಸಲ ಬರೀ ರಿಮೋಟಿನ ಸೆಲ್ಲು. ಸೆಲ್ಲು ಅಂದ್ರೆ ಮಾತ್ರ ಜನಕ್ಕೆ ಸಿಟ್ಟು. ದೊಡ್ಡದೇನೋ ಕೆಟ್ಟಿರುತ್ತೆ ಅಂತ ಆಸೆ ಇಟ್ಕೊಂಡು ಬಂದಿರ್ತಾರೆ, ಪಾಪ."

ಕೆಲಸ ಕಲಿಸಿದವರು ಪಕ್ಕದೂರಿನ ಒಬ್ಬ ಮೇಸ್ತ್ರಿ. ಗಂಡನ ಹೊಲಿಗೆ ಮಿಷನ್ನನ್ನು ತಾನೇ ಬಿಚ್ಚಿ ಕಟ್ಟುತ್ತಿದ್ದ ಹೆಂಗಸನ್ನು ಕಂಡು, ಮೆಚ್ಚಿ ಶೆಡ್ಡಿಗೆ ಸೇರಿಸಿಕೊಂಡರು. 'ಹೆಂಗಸಿನ ಕೈಗೆ ಸ್ಪ್ಯಾನರ್ ಯಾಕೆ?' ಎಂದವರಿಗೆ 'ನಿನ್ನ ತಲೆ ಬಿಗಿ ಮಾಡೋಕೆ' ಎನ್ನುತ್ತಿದ್ದರಂತೆ. ಐದು ವರ್ಷ ಎಲ್ಲ ಚೆನ್ನಾಗಿತ್ತು. ಆಮೇಲೆ ಒಂದು ಬಿಳಿ ಕಾರು ಬಂತು. ಮೇಸ್ತ್ರಿ ಬಾಗಿಲಿಗೆ ಕಿವಿ ಆನಿಸಿ "ತಂತಿ" ಎಂದರು. ಬಾಗಿಲಕ್ಕ ಟೆಸ್ಟರ್ ಹಚ್ಚಿ "ತಂತಿಯಲ್ಲ, ಮೋಟರು" ಎಂದರು. ಹೊಸ ಮೋಟರು ಹಾಕಿದರು, ಬಾಗಿಲು ಟಕ್ ಎಂದಿತು. ಗಿರಾಕಿಗಳೆದುರು "ನಿಮ್ಮ ಕಿವಿಗಿಂತ ನನ್ನ ಟೆಸ್ಟರು ವಾಸಿ" ಎಂದುಬಿಟ್ಟರು. ಮೇಸ್ತ್ರಿ ಬೈದರು, ಇವರು ಚೀಲ ಎತ್ತಿಕೊಂಡು ಹೊರಬಂದು ಸ್ವಂತ ಶೆಡ್ಡು ಹಾಕಿದರು.

ತಿಂಗಳೊಳಗೆ ಅದೇ ಬಿಳಿ ಕಾರು ಇವರ ಶೆಡ್ಡಿಗೇ ಬಂತು, ಅದೇ ದೂರು ಹೊತ್ತು. ಈ ಸಲ ಬಿಚ್ಚಿ ನೋಡಿದರೆ, ತಂತಿ!

ಅದಾಗಿ ಆರು ವರ್ಷ. ತಪ್ಪು ಒಪ್ಪಿಕೊಂಡು ಮೇಸ್ತ್ರಿಗೆ ಬರೆದ ಕಾಗದವೊಂದು ವಿಳಾಸ, ಸ್ಟಾಂಪು ಸಮೇತ ಉಪಕರಣದ ಚೀಲದಲ್ಲೇ ಇದೆ. ಲಕೋಟೆ ಮಾತ್ರ ಅಂಟಿಸಿಲ್ಲ, ದಿನಾ ತಿದ್ದುಪಡಿ. ಈಗ ಮೇಸ್ತ್ರಿ ಶೆಡ್ಡು ಮಾರಿದ್ದಾರೆ, ಭಾನುವಾರ ದೂರದ ಮಗಳ ಮನೆಗೆ ಹೊರಡುತ್ತಾರೆ. ಆ ವಿಳಾಸ ಯಾರಿಗೂ ಗೊತ್ತಿಲ್ಲ. ಇವತ್ತು ಗುರುವಾರ. ಮಧ್ಯಾಹ್ನದ ಟಪಾಲು ತಪ್ಪಿದರೆ ಕಾಗದ ಅವರ ಕೈ ಸೇರುವುದಿಲ್ಲ. ಮೇಸ್ತ್ರಿಯ ಕಿವಿ ಈಗ ತೀರಾ ಮಂದವಾಗಿರುವುದರಿಂದ ಫೋನಿನ ಮಾತೂ ಇಲ್ಲ.

"ಹೋಗಿ ಎದುರಿಗೇ ಹೇಳ್ಬಾರ್ದಾ?" ಎಂದು ಗಂಡ ಕೇಳಿದರೆ, "ಕಿರುಚಿ ಹೇಳ್ಬೇಕು. ಕ್ಷಮೇನ ಯಾರಾದ್ರೂ ಕಿರುಚಿ ಕೇಳ್ತಾರಾ?" ಎನ್ನುತ್ತಾರೆ ಬಾಗಿಲಕ್ಕ.

ಒಂಬತ್ತಕ್ಕೆ ದಿನದ ಮೊದಲ ಗಿರಾಕಿ. ಕೋರ್ಟಿನಲ್ಲಿ ಮೂವತ್ತು ವರ್ಷ ಟೈಪಿಸ್ಟಾಗಿದ್ದು ನಿವೃತ್ತರಾದವರು. ಡ್ರೈವರ್ ಬಾಗಿಲಿನ ಲಾಕ್ ಮನಸ್ಸು ಬಂದರೆ ತೆರೆಯುತ್ತದಂತೆ, ಇಲ್ಲದಿದ್ದರೆ ಇಲ್ಲ. ಮೂರು ಗ್ಯಾರೇಜಿನವರು ನೋಡಿ 'ಏನೂ ಆಗಿಲ್ಲ' ಎಂದಿದ್ದಾರೆ.

"ಒಳಗೆ ಕೂತು ಬಾಗಿಲು ಹಾಕ್ಕೊಳ್ಳಿ ಸಾರ್. ಈಗ ಗುಂಡಿ ಒತ್ತಿ."

ನಾಲ್ಕೂ ಬಾಗಿಲಿಗೆ ಲಾಕ್ ಬೀಳುತ್ತದೆ. ಇನ್ನೊಮ್ಮೆ ಒತ್ತಿದರೆ ತೆರೆಯುವುದು ಮೂರೇ. ಕೀಲಿಯ ತೂತು ತುಕ್ಕು ಹಿಡಿದಿದೆ. ಒಳಗಿನ ಹಿಡಿ ಹೋದ ತಿಂಗಳೇ ಕಿತ್ತು ಕೈಗೆ ಬಂದಿದೆಯಂತೆ.

"ಗೇರು ದಾಟಿ ಈಕಡೆಯಿಂದ ಇಳೀರಿ ಸಾರ್."

"ಸೊಂಟ ಒಪ್ಪಲ್ಲಮ್ಮ. ನೀವೇ ಬಿಡಿಸಿ."

ಬಾಗಿಲಕ್ಕ ಪಕ್ಕದ ಸೀಟಿಗೆ ಮಂಡಿಯೂರಿ, ಟೈಪಿಸ್ಟರ ತೊಡೆಯ ಮೇಲಿಂದ ಬಾಗಿ ಒಳಹಲಗೆ ಕೀಳತೊಡಗುತ್ತಾರೆ. "ಚೀಲದಲ್ಲಿ ಸಣ್ಣ ಸ್ಕ್ರೂಡ್ರೈವರ್ ಇದೆ, ಕೊಡಿ." ಚೀಲಕ್ಕೆ ಹಾಕಿದ ಕೈಗೆ ಸಿಕ್ಕಿದ್ದು ಲಕೋಟೆ. ಕಾಗದ ಕಂಡರೆ ಓದದೆ ಬಿಡುವ ಕೈಯಲ್ಲ ಅದು.

"ಏನಮ್ಮ ಇದು?"

"ಅಯ್ಯೋ, ಅದ್ಯಾಕೆ ತೆಗೆದ್ರಿ! ಕ್ಷಮಾಪಣೆ ಪತ್ರ ಸಾರ್."

"ಎರಡೂವರೆ ಪುಟದಲ್ಲಿ ಕ್ಷಮೆ ಎಲ್ಲಿದೆ? ಮೊದಲ ಪುಟ ಪೂರ್ತಿ ನಿಮ್ಮ ಟೆಸ್ಟರಿನ ಗುಣಗಾನ. ಎರಡನೇದರಲ್ಲಿ ಅವರು ಬೈದದ್ದು, ತಾರೀಖು ಸಮೇತ. ಇಂಥವನ್ನ ಮೂವತ್ತು ವರ್ಷ ಟೈಪ್ ಮಾಡಿದೀನಿ. ಇದು ಕ್ಷಮಾಪಣೆ ಅಲ್ಲ ತಾಯಿ, ಅಪೀಲು!"

ಬಾಗಿಲಕ್ಕ ಹಲಗೆ ಸರಿಸಿ ಒಳಗಿನ ಸರಳನ್ನು ಬೆರಳಲ್ಲಿ ಎತ್ತುತ್ತಾರೆ, ಬಾಗಿಲು ತೆರೆಯುತ್ತದೆ. ಬಾಗಿಲು ಕಾರಿಗೆ ಸೇರುವ ಕೀಲಿನ ಹತ್ತಿರದ ರಬ್ಬರ್ ಕೊಳವೆಯನ್ನು ಹಿಂದಕ್ಕೆ ಎಳೆದರೆ, ಒಳಗೊಂದು ತಂತಿ ತುಂಡಾಗಿದೆ.

"ಆ ಬಿಳಿ ಕಾರಿಂದೂ ಇದೇ ಸಾರ್. ಬಾಗಿಲು ತೆಗೆದ್ರೆ ತುದಿಗಳು ತಾಗ್ತವೆ, ಹಾಕಿದ್ರೆ ಬಿಟ್ಕೊಳ್ತವೆ. ಅವತ್ತು ನಾನು ತೆಗೆದಿಟ್ಕೊಂಡೇ ಟೆಸ್ಟ್ ಮಾಡಿದ್ದು, ಕರೆಂಟು ತೋರಿಸ್ತು, ಮೋಟರು ಅಂದ್ಬಿಟ್ಟೆ. ಅವರು ಹಾಕಿ, ಕಿವಿ ಕೊಟ್ಟು ಕೇಳಿದ್ರು."

"ಇಷ್ಟೇ ತಾನೆ? ಬರೀರಿ."

ಟೈಪಿಸ್ಟರು ಜೇಬಿನಿಂದ ಪೆನ್ನು ತೆಗೆದು, ಡೈರಿಯಿಂದ ಹಾಳೆ ಹರಿದು ಕೊಡುತ್ತಾರೆ. ಬಾನೆಟ್ ಮೇಲಿಟ್ಟು ಬಾಗಿಲಕ್ಕ ಬರೆಯುತ್ತಾರೆ: 'ನೀವು ಹೇಳಿದ್ದೇ ಸರಿ. ತಂತಿಯೇ ತುಂಡಾಗಿತ್ತು. ತಿಂಗಳಲ್ಲೇ ಗೊತ್ತಾಯಿತು, ಹೇಳಲಿಲ್ಲ. ತಪ್ಪಾಯಿತು.' ಇನ್ನೊಂದು ಸಾಲಿಗೆಂದು 'ಆದರೆ' ಎಂದು ಶುರು ಮಾಡುವಷ್ಟರಲ್ಲಿ ಟೈಪಿಸ್ಟರು ಪೆನ್ನು ಕಿತ್ತುಕೊಳ್ಳುತ್ತಾರೆ. ಆ ಪದ ಹೊಡೆದುಹಾಕಿದ ಮೇಲೆ ಸಹಿ ಮಾಡಲು ವಾಪಸ್ ಕೊಡುತ್ತಾರೆ. ಹಳೆಯ ಎರಡೂವರೆ ಪುಟ ಗ್ರೀಸ್ ಒರೆಸುವುದಕ್ಕಾಯಿತು.

ತಂತಿಗೆ ಬೆಸುಗೆ ಹಾಕಿ, ಟೇಪು ಸುತ್ತಿ, ಬಾಗಿಲು ಮುಚ್ಚಿ ಇಪ್ಪತ್ತು ಸಲ ಒತ್ತಿ ನೋಡುವಾಗ ಹನ್ನೊಂದೂವರೆ. ಟೈಪಿಸ್ಟರ ಕಾರಿನಲ್ಲೇ ಅಂಚೆ ಕಚೇರಿಗೆ ಹೋಗುತ್ತಾರೆ. ಪೆಟ್ಟಿಗೆ ಖಾಲಿ ಮಾಡಲು ಬಂದ ಅಂಚೆಯವನು ಚೀಲ ಹಿಡಿದು ನಿಂತಿದ್ದಾನೆ. "ಹಾಕ್ತೀರೋ ಇಲ್ವೋ ಅಕ್ಕ?"

"ಇರಪ್ಪ, ಆರು ವರ್ಷದ್ದು. ಮೇಸ್ತ್ರಿಗಳು ಉತ್ತರ ಬರೀಲೇಬೇಕು ಅಂತೇನಿಲ್ಲ," ಎನ್ನುತ್ತಾರೆ ಬಾಗಿಲಕ್ಕ, ಲಕೋಟೆಯ ಅಂಚನ್ನು ನಾಲಗೆಯಿಂದ ಒದ್ದೆ ಮಾಡಿ ಅಂಟಿಸುತ್ತ. "ಬೈದು ಬರೆದ್ರೂ ಸಾಕು. ಅವರಷ್ಟು ಚೆನ್ನಾಗಿ ಬೈಯೋರು ಈಗ ಎಲ್ಲಿದಾರೆ?"

ಕೈ ಮುಂದೆ ಚಾಚಿ, ಕಾಗದವನ್ನು ಅಂಚೆಯವನ ಚೀಲಕ್ಕೇ ಹಾಕುತ್ತಾರೆ.