ಬಾಗಿಲ ಬಳಿಯ ಮಗ್ಗಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ವರ್ಷ ಐವತ್ತನಾಲ್ಕೋ ಐವತ್ತೈದೋ, ಡೈರಿಯಲ್ಲಿ ಆ ಹಾಳೆಯೇ ಇಲ್ಲ. ಬಿ.ಎ. ಮುಗಿಸಿ ಚಾಮರಾಜನಗರದ ಹುಡುಗಿಯರ ಶಾಲೆಯೊಂದಕ್ಕೆ ಉಪಾಧ್ಯಾಯಿನಿಯಾಗಿ ಸೇರಿದ ಮೊದಲ ವರ್ಷ ಎಂಬುದು ಮಾತ್ರ ಖಚಿತ.

ಅಲ್ಲಿ ಕೊನೆಯ ಪೀರಿಯಡ್ ಮಗ್ಗಿಗೆ ಮೀಸಲು. ನಲವತ್ತು ಹುಡುಗಿಯರು ಒಟ್ಟಿಗೆ ಕೂಗಬೇಕು. ಎಷ್ಟು ಜೋರೋ ಅಷ್ಟು ಚೆನ್ನಾಗಿ ಪಾಠ ನಡೆದಿದೆ ಎಂದರ್ಥ. ಹೆಡ್‌ಮಿಸ್ಟ್ರೆಸ್ ತಮ್ಮ ಕೋಣೆಯಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದರು.

ಹರದನಹಳ್ಳಿಯಿಂದ ನಡೆದು ಬರುತ್ತಿದ್ದ ಸಿದ್ದಮ್ಮ, ಮಗ್ಗಿ ಶುರುವಾದೊಡನೆ ಎರಡೂ ಕಿವಿಗೆ ಅಂಗೈ ಒತ್ತಿಕೊಳ್ಳುತ್ತಿದ್ದಳು. ಉದ್ಧಟತನವೆಂದುಕೊಂಡೆ. ಒಂದು ದಿನ ಎಲ್ಲರೆದುರು ಅವಳ ಕೈಗಳನ್ನು ಕಿತ್ತು ಕೆಳಗಿಳಿಸಿದೆ. ಅವಳು ಎದ್ದು, ಸ್ಲೇಟನ್ನೂ ಬಿಟ್ಟು ಓಡಿದಳು. ವಾರವಾದರೂ ಬರಲಿಲ್ಲ. “ಇನ್ನೆರಡು ದಿನ ನೋಡಿ ಹೆಸರು ಹೊಡೆದುಹಾಕಿ” ಎಂದರು ಹೆಡ್‌ಮಿಸ್ಟ್ರೆಸ್.

ಮರುದಿನ ಅವಳ ಅಜ್ಜಿ ಅವಳನ್ನು ಕರೆದುಕೊಂಡು ಬಂದರು.

“ಸ್ಲೇಟ್ ಕೊಟ್ಬುಡಿ ಟೀಚರಮ್ಮ. ನಾಳಿಂದ ಕಳೆ ಕೀಳಕ್ಕೆ ಕರ್ಕೊಂಡ್ ಓಯ್ತೀನಿ. ಒನಕೆ ಸದ್ದಿಗೂ ಹಿತ್ತಲಿಗೆ ಓಡ್ತಳೆ. ಮಹಾರಾಣಿ ಕಿವಿ ಇವಳ್ದು!”

“ಯಾಕಮ್ಮಿ ಕಿವಿ ಮುಚ್ಕೊಳ್ತೀಯ?” ಎಂದೆ.

ಸಿದ್ದಮ್ಮ ನೆಲ ನೋಡುತ್ತಲೇ ಹೇಳಿದಳು: “ನೀವೂ ಸೆರಗು ಒತ್ಕತೀರಲ್ಲ, ಟೀಚರಮ್ಮ.”

ಅಜ್ಜಿಯ ಬಳಿ ಒಂದು ವಾರ ಕಾಲಾವಕಾಶ ಬೇಡಿದೆ. “ಒಂದೇ ವಾರ ಕಣವ್ವ” ಎಂದು ಅಜ್ಜಿ ಹೊರಟರು.

ಅಂದು ಮಗ್ಗಿಯ ಹೊತ್ತಿಗೆ ನನ್ನನ್ನೇ ಗಮನಿಸಿದೆ. ನಿಂತಿದ್ದೆ ಹೊರಬಾಗಿಲಲ್ಲಿ; ಸೆರಗು ಮುದ್ದೆಯಾಗಿ ಬಲಗಿವಿಯ ಮೇಲಿತ್ತು. ದಿನವೂ ಸಂಜೆ ಬರುವ ತಲೆನೋವಿಗೆ ಬಿಸಿಲು ಕಾರಣವೆಂದು ನಂಬಿದ್ದೆನಲ್ಲ?

ಮರುದಿನದಿಂದ ಸಿದ್ದಮ್ಮನನ್ನು ಬಾಗಿಲ ಬಳಿ ಕೂರಿಸಿದೆ. ಅವಳ ಕಿವಿಗೆ ಹತ್ತಿ ಕೊಟ್ಟೆ, ನಾನೂ ಇಟ್ಟುಕೊಂಡೆ. ಹತ್ತು ಜನ ಮೆಲ್ಲಗೆ ಮಗ್ಗಿ ಹೇಳುವುದು, ಉಳಿದವರು ಸ್ಲೇಟಿನಲ್ಲಿ ಬರೆಯುವುದು ಎಂದು ಮಾಡಿದೆ. ನಾಲ್ಕನೆಯ ದಿನ ಹೆಡ್‌ಮಿಸ್ಟ್ರೆಸ್ ಬಂದೇಬಿಟ್ಟರು.

“ಏನ್ರೀ, ನಿಮ್ಮ ಕ್ಲಾಸಿಗೆ ಗಂಟಲು ಕಟ್ಟಿದೆಯೇ?”

ನಾನು ಸಿದ್ದಮ್ಮನನ್ನು ಎಬ್ಬಿಸಿದೆ. ಅವಳು ತಗ್ಗಿದ ದನಿಯಲ್ಲಿ ಹತ್ತೊಂಬತ್ತರ ಮಗ್ಗಿಯನ್ನು ಎಲ್ಲೂ ತಡವರಿಸದೆ ಒಪ್ಪಿಸಿದಳು. ಹೆಡ್‌ಮಿಸ್ಟ್ರೆಸ್ ಬಗ್ಗಿ ಕೇಳಿಸಿಕೊಂಡರು. “ಹೆಸರು ಇರಲಿ. ಆದರೆ ಬಾಗಿಲಲ್ಲಿ ಕೂರಿಸಬೇಡಿ, ಶಿಕ್ಷೆ ಕೊಟ್ಟ ಹಾಗೆ ಕಾಣುತ್ತೆ” ಎಂದು ಹೋದರು. ವಾರ ಕಳೆಯಿತು, ಅಜ್ಜಿ ಸ್ಲೇಟು ಕೇಳಲು ಬರಲಿಲ್ಲ.

ಇದನ್ನೆಲ್ಲ ಮಾಡಿದ್ದು ಅವಳಿಗಾಗಿಯೋ, ನನ್ನ ತಲೆನೋವಿಗಾಗಿಯೋ? ಈಗಲೂ ಹೇಳಲಾರೆ. ಮಗುವಿನ ಕೈ ಎಳೆಯುವ ಮೊದಲು ನನ್ನ ಕೈ ಎಲ್ಲಿದೆ ಎಂದು ನೋಡಿಕೊಳ್ಳುವುದನ್ನಂತೂ ಆ ಕೆಲಸ ಕಲಿಸಿತು.

ಆ ಬೇಸಿಗೆ ಗುಂಡ್ಲುಪೇಟೆಗೆ, ದೊಡ್ಡಮ್ಮನ ಮನೆಗೆ ಹೋಗಿದ್ದೆ. ನನ್ನನ್ನು ಬೆಳೆಸಿದವರು ಅವರೇ. ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದರು. ನಾನು ಕೇಳಿದ ಪ್ರಶ್ನೆಗೆ ಅವರ ಕೈ ಒಂದು ಕ್ಷಣ ನಿಂತಿತು, ಮತ್ತೆ ಬೀಜ ಬಿಡಿಸತೊಡಗಿತು. ಉತ್ತರ ಇವತ್ತಿಗೂ ಬಂದಿಲ್ಲ.

“ದೊಡ್ಡಮ್ಮ, ಅಕ್ಕನ ಮದುವೇಲಿ ಡೋಲು ಶುರುವಾದಾಗ ನಾನು ಕಿವಿ ಮುಚ್ಕೊಂಡಿದ್ದೆ. ಯಾರೋ ನನ್ನ ಕೈ ಕಿತ್ತರು. ಯಾರದು?”