ಮಾಮಾ ಹಾಕಿದ ಸ್ಟೇಟಸ್

ಆಗ ಮೆಹಕರದಲ್ಲಿ ಮನೆಗೊಂದೇ ದೊಡ್ಡ ಫೋನು, ಅದೂ ಅಪ್ಪಂದಿರ ಕಿಸೆಯಲ್ಲಿ. ನಮಗೆ ಅದರ ಗೊಡವೆಯೇ ಇರಲಿಲ್ಲ. ಸಾಲೆ ಬಿಟ್ಟರೆ ಹೊಲ, ಹೊಲ ಬಿಟ್ಟರೆ ಖೋಖೋ. ಚಳಿಗಾಲದಲ್ಲಿ ಕುಳ್ಳಿನ ಕೆಂಡದಲ್ಲಿ ಎಳೆ ಜೋಳದ ತೆನೆ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಹೊಗೆ ವಾಸನೆಯ ಬಿಸಿ ಸೀತನಿಯನ್ನು ಬೆಲ್ಲದ ಜೊತೆ ಮುಕ್ಕುತ್ತಿದ್ದೆವು. ಓಟದಲ್ಲಿ ನನ್ನನ್ನು ಹಿಡಿಯುವವರಿರಲಿಲ್ಲ. ಎಂಟನೇ ಇಯತ್ತೆಯಲ್ಲಿದ್ದಾಗ ಔರಾದಿನ ಪಂದ್ಯಕ್ಕೆ ಆಯ್ಕೆಯಾದೆ.

ಅದೇ ಹೊತ್ತಿಗೆ ಮೈನೆರೆದೆ. ನಮ್ಮಲ್ಲಿ ಹುಡುಗಿಯನ್ನು ಒಳಗೆ ಕೂಡಿಸಿ, ಕೊಬ್ಬರಿ, ಅಂಟಿನ ಉಂಡಿ ತಿನ್ನಿಸಿ, ಸೋದರಮಾವ ತಂದ ಹಸಿರು ಸೀರೆ ಉಡಿಸಿ ಉಡಿ ತುಂಬುತ್ತಾರೆ. ಆರತಿ, ಹಾಡು ಎಲ್ಲ ಹೆಂಗಸರದೇ. ಗಂಡಸರು ಪಡಸಾಲೆ ದಾಟುವುದಿಲ್ಲ. ಆದರೆ ಬೀದರ ಹತ್ತಿರದ ಕೊಳಾರದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಮಾಮಾ, ಸೀರೆ ಕೊಡುವ ನೆವದಲ್ಲಿ ಹೊಸ್ತಿಲಲ್ಲಿ ನಿಂತು ಎಲ್ಲವನ್ನೂ ಫೋನಿನಲ್ಲಿ ಹಿಡಿದ. ನನ್ನ ಹೆಸರು, ಸಾಲೆಯ ಹೆಸರು ಬರೆದು ಸ್ಟೇಟಸ್ಸಿಗೆ ಹಾಕಿದ. ಕಂಡಕಂಡ ಗ್ರೂಪಿಗೂ ಕಳಿಸಿದ.

ಸಾಲೆಗೆ ಹೋದರೆ ಹುಡುಗರ ಬಾಯಲ್ಲಿ ಅದೇ ಆರತಿ ಹಾಡು. ತಮ್ಮ ತಮ್ಮ ಅಪ್ಪಂದಿರ ಫೋನಿನಲ್ಲಿ ಆ ವಿಡಿಯೊ ನೋಡದವರೇ ಇರಲಿಲ್ಲ. ಮೈದಾನದಲ್ಲಿ ಎದ್ದು ಓಡಿದರೆ, "ಏ, ಸಾವಕಾಶ ಓಡು, ದೊಡ್ಡಾಕಿ ಆಗೀದಿ!"

ಮನೆಗೆ ಬಂದು ಚೀರಿದೆ. "ಮಾಮಾ, ಅದನ್ನ ತಗೀರಿ. ನನ್ನ ಕೇಳಿ ಹಾಕೀರೇನು?"

"ಅದರಾಗ ಏನ್ ಅದವ್ವಾ? ನನ್ನ ಸೊಸಿ ದೊಡ್ಡಾಕಿ ಆಗ್ಯಾಳ ಅಂತ ನಾಕು ಮಂದಿಗಿ ಗೊತ್ತಾಗಬಾರದೇನು?"

ಅವ್ವ ನನ್ನ ಪರ ನಿಲ್ಲುತ್ತಾಳೆ ಅಂದುಕೊಂಡಿದ್ದೆ. "ಮಾಮಾಗ ಎದುರು ಮಾತಾಡಬ್ಯಾಡ. ನಿನ್ನ ಮ್ಯಾಲ ಎಷ್ಟ್ ಜೀವ ಇಟ್ಟಾನ," ಅಂದಳು.

ಜೀವವಂತೆ! ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನನ್ನ ಮೈಯ ಸುದ್ದಿಯನ್ನು ಊರಿಗೆ ಹಂಚಲು ಅವನ್ಯಾರು?

ಮರುದಿನದಿಂದ ಸಾಲೆಯ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು. ಭಾಲ್ಕಿಯ ಡಾಕ್ಟರು, "ಏನೂ ಆಗಿಲ್ರಿ, ಸಾಲಿ ತಪ್ಪಸ್ಲಾಕ ನಾಟಕ," ಎಂದು ನಕ್ಕರು. ಆ ನಗು ನೆನೆದರೆ ಇಂದಿಗೂ ಮೈ ಉರಿಯುತ್ತದೆ. ಊಟ ಸೇರಲಿಲ್ಲ. ಕಿಟಕಿಯಾಚೆ ಯಾರೇ ನಕ್ಕರೂ ನನ್ನನ್ನು ಕಂಡೇ ನಕ್ಕಂತೆ ಅನ್ನಿಸುತ್ತಿತ್ತು. ಮನಸ್ಸಿಗೆ ಏನಾಗಿದೆ ಎಂದು ಒಬ್ಬರೂ ಕೇಳಲಿಲ್ಲ. ಔರಾದಿನ ಜೀಪು ನನ್ನನ್ನು ಬಿಟ್ಟೇ ಹೋಯಿತು. ಆಮೇಲೆ ನಾನು ಮೈದಾನಕ್ಕೆ ಕಾಲಿಡಲಿಲ್ಲ.

"ಸ್ಟೇಟಸ್ ಒಂದ್ ದಿನಕ್ಕ ತಾನೇ ಹೋಗ್ಯಾದಲ್ಲ," ಅಂದ ಮಾಮಾ. ಗ್ರೂಪಿಗೆ ಕಳಿಸಿದ್ದು ಎಲ್ಲಿಗೆ ಹೋಗುತ್ತದೆ? ವರ್ಷಗಳ ಮೇಲೆ ಬೀದರಿನ ಕಾಲೇಜಿನಲ್ಲಿ ಗುರುತಿಲ್ಲದ ಹುಡುಗನೊಬ್ಬ ಅದೇ ವಿಡಿಯೊ ನನ್ನ ಮುಂದೆ ಹಿಡಿದು ಹಲ್ಲು ಕಿರಿದ.

ಅವ್ವನಿಗೂ ಹೀಗೆಯೇ ಉಡಿ ತುಂಬಿದ್ದರು. ಆಕೆಯ ಆರತಿ ಹಾಡು ಹೆಂಗಸರ ನಡುವೆ ಶುರುವಾಗಿ ಅಲ್ಲೇ ಮುಗಿಯಿತು. ಬೇಕಾದಾಗ ನೆನೆಸಿಕೊಂಡು ನಗುತ್ತಾಳೆ. ನನಗೆ ಆ ಭಾಗ್ಯವಿಲ್ಲ.

ಮೊನ್ನೆ ಮಾಮಾನ ಮಗಳ ಸರದಿ ಬಂತು. "ಈ ಸಲ ಲೈವ್ ಬಿಡ್ತೇನಿ," ಎಂದು ಫೋನು ಹಿಡಿದು ಹೊಸ್ತಿಲಿಗೆ ಬಂದ. ಹುಡುಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿತು. ನಾನು ಅವನ ಮುಖಕ್ಕೇ ಬಾಗಿಲು ಹಾಕಿ ಚಿಲಕ ಜಡಿದೆ. ಅವನು ಹೊರಗೆ ಬಡಿಯುತ್ತಿದ್ದ, ಹೆಂಗಸರು ಒಳಗೆ ಹಾಡತೊಡಗಿದರು. ಆ ವರ್ಷ ನನಗಾಗಿ ಯಾರಾದರೂ ಹೀಗೊಂದು ಬಾಗಿಲು ಹಾಕಿದ್ದರೆ, ನಾನು ಇನ್ನೂ ಓಡುತ್ತಿದ್ದೆ.